ವೋಲ್ಟೇಜು ಇಳಿದಾಗ, ಕರೆಂಟು ಹೋದಾಗ

ದೀಪಾವಳಿ ಸಮೀಪಿಸಿ ಬೋನಸ್ಸಿನ ಮಾತು ಕೇಳಿಬರತೊಡಗಿತೆಂದರೆ, ಸಂಜೆ ವಾಚನಾಲಯಕ್ಕೆ ಬರುವ ನಮ್ಮ ಬಂಧುಗಳಲ್ಲಿ ಒಂದಿಬ್ಬರಾದರೂ ಕೇಳುವ ಪ್ರಶ್ನೆಯೊಂದಿದೆ: “ಫ್ರಿಜ್ಜಿಗೆ ಸ್ಟೆಬಿಲೈಸರು ಕೊಳ್ಳಬೇಕೆ, ಅಥವಾ ಒಂದು ಇನ್ವರ್ಟರನ್ನೇ ಕೊಂಡರೆ ಎರಡೂ ಕೆಲಸ ಆದೀತೆ?” ಅಂಗಡಿಯವರನ್ನು ಕೇಳಿದರೆ ಎರಡನ್ನೂ ಕೊಳ್ಳಿರೆನ್ನುತ್ತಾರೆ, ಅದು ಅವರ ವ್ಯಾಪಾರಧರ್ಮ. ಆದರೆ ತಿಂಗಳ ಸಂಬಳದಲ್ಲಿ ಬಾಡಿಗೆ, ದಿನಸಿ, ಮಕ್ಕಳ ಶಾಲೆಯ ಖರ್ಚು, ಊರಿಗೆ ಕಳಿಸುವ ಹಣ ಇಷ್ಟನ್ನೂ ತೂಗಿಸಬೇಕಾದ ನಮ್ಮಂಥವರಿಗೆ ತಪ್ಪು ಯಂತ್ರಕ್ಕೆ ಹಾಕಿದ ದುಡ್ಡು ಮರಳಿ ಬರುವಂಥದಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ವೋಲ್ಟೇಜಿನ ಕೆಲವು ದೋಷಗಳಿಗೆ ಯಂತ್ರ ಕೊಳ್ಳುವುದು ಮದ್ದೇ ಅಲ್ಲ. ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದ ಹಾಗೆ ಆಗಿ, ಒಳಗಿನ ದೋಷ ಬಲಿತು ಒಂದು ದಿನ ಬೆಂಕಿಗೇ ಕಾರಣವಾಗಬಹುದು. ಆದುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲಿಗೆ ಭೇದವನ್ನು ತಿಳಿದುಕೊಳ್ಳಬೇಕು. ಸ್ಟೆಬಿಲೈಸರು ಬರುವ ಕರೆಂಟಿನ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ತಿದ್ದಿಕೊಡುತ್ತದೆ. ಕರೆಂಟೇ ಬಾರದಿದ್ದರೆ ಅದು ಗೋಡೆಗೆ ತೂಗುಹಾಕಿದ ಬರೀ ಪೆಟ್ಟಿಗೆ. ಇನ್ವರ್ಟರು ಕರೆಂಟು ಹೋದಾಗ ಬ್ಯಾಟರಿಯಲ್ಲಿ ಕೂಡಿಟ್ಟದ್ದನ್ನು ತೆಗೆದು ಕೊಡುತ್ತದೆ. ಕರೆಂಟು ಇರುವಾಗಲಾದರೋ ಮನೆಬಳಕೆಯ ಸಾಮಾನ್ಯ ಇನ್ವರ್ಟರು ಬಂದ ವೋಲ್ಟೇಜನ್ನು ಬಂದ ಹಾಗೆಯೇ ಒಳಕ್ಕೆ ದಾಟಿಸಿಬಿಡುತ್ತದೆ. ಹೊರಗೆ 180 ಇದ್ದರೆ ಒಳಗೂ 180. ಹೀಗಾಗಿ ಒಂದು ಮತ್ತೊಂದರ ಕೆಲಸ ಮಾಡಲಾರದು. “ಇನ್ವರ್ಟರ್ ಎ.ಸಿ.”, “ಇನ್ವರ್ಟರ್ ಫ್ರಿಜ್ಜು” ಎಂದು ಜಾಹೀರಾತುಗಳಲ್ಲಿ ಕಾಣುವ ಹೆಸರಂತೂ ಬೇರೆಯೇ ಸಂಗತಿ. ಅವುಗಳೊಳಗಿನ ಮೋಟರಿನ ವೇಗವನ್ನು ಬೇಕಾದಷ್ಟೇ ಏರಿಳಿಸುವ ವ್ಯವಸ್ಥೆಗೆ ಆ ಹೆಸರು. ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ. ಕರೆಂಟು ಹೋದರೆ ಅವೂ ನಿಲ್ಲುತ್ತವೆ.

ನಮ್ಮ ದೇಶದಲ್ಲಿ ಮನೆಗಳಿಗೆ ಬರಬೇಕಾದದ್ದು 230 ವೋಲ್ಟು. ಅದು ಶೇಕಡಾ 6ರಷ್ಟು ಹೆಚ್ಚುಕಡಿಮೆ ಆಗಬಹುದೆಂಬುದು ಸಾಮಾನ್ಯವಾಗಿ ಇರುವ ನಿಯಮ. ಅಂದರೆ ಸುಮಾರು 216ರಿಂದ 244ರ ವರೆಗೆ. ಈ ಮಿತಿಯೊಳಗೆ ಇದ್ದರೆ ಯಾವ ಉಪಕರಣಕ್ಕೂ ಸ್ಟೆಬಿಲೈಸರಿನ ಅವಶ್ಯಕತೆಯಿಲ್ಲ. ಆದರೆ ಇಳಿಯುತ್ತದಲ್ಲ, ಅದು ಏಕೆ?

ಕೊಳಾಯಿಯ ದೃಷ್ಟಾಂತ ಎಲ್ಲರಿಗೂ ತಿಳಿದದ್ದೇ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಸಣ್ಣ ಕೊಳವೆಯಲ್ಲಿ ನೀರು ಬರುತ್ತಿರುವಾಗ ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ಮೇಲಿನವರ ನೀರು ಎಳೆಯಾಗುತ್ತದೆ. ಟ್ಯಾಂಕಿನಲ್ಲಿ ನೀರು ಕಡಿಮೆಯಾಗಿಲ್ಲ. ಕೊಳವೆ ಸಾಲದು, ಅಷ್ಟೇ. ವಯರಿನಲ್ಲಿಯೂ ಹಾಗೆಯೇ. ವಯರು ಉದ್ದವಾದಷ್ಟೂ, ತೆಳ್ಳಗಾದಷ್ಟೂ, ಅದರಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ದಾರಿಯಲ್ಲಿ ವೋಲ್ಟೇಜು ಸೋರಿಹೋಗುತ್ತದೆ; ಸೋರಿದ್ದು ಶಾಖವಾಗಿ ವಯರನ್ನೇ ಕಾಯಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗಲೂ, 1915ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುದಾಗಾರದಿಂದ ಮುಂಬಯಿಯ ಗಿರಣಿಗಳಿಗೆ ತಂದಾಗಲೂ ಇಂಜಿನಿಯರರು ಎದುರಿಸಿದ್ದು ಇದೇ ತೊಡಕನ್ನು. ವೋಲ್ಟೇಜನ್ನು ಸಾವಿರ ಸಾವಿರಗಳ ಲೆಕ್ಕದಲ್ಲಿ ಏರಿಸಿ, ಪ್ರವಾಹವನ್ನು ತಗ್ಗಿಸಿ ಅವರು ಅದನ್ನು ಗೆದ್ದರು. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಕೋಣೆಯ ವರೆಗಿನ ಕೊನೆಯ ತುಂಡಿಗೆ ಮಾತ್ರ ಆ ಉಪಾಯ ನಡೆಯದು. ಇಲ್ಲಿ ದಪ್ಪ ವಯರೊಂದೇ ಗತಿ.

ಒಂದು ಲೆಕ್ಕ ಮಾಡಿ ನೋಡೋಣ. ಗುಮಾಸ್ತರಿಗೆ ಲೆಕ್ಕವಿಲ್ಲದೆ ನಂಬಿಕೆ ಬರುವುದಿಲ್ಲ. ಚಾಳಿನ ಕೆಳಗಣ ಮೀಟರು ಬೋರ್ಡಿನಿಂದ ಮೂರನೆಯ ಮಾಳಿಗೆಯ ಕೊನೆಯ ಕೋಣೆಗೆ 25 ಮೀಟರು ವಯರು ಇದೆಯೆನ್ನಿ. ಹೋಗುವುದೂ ಬರುವುದೂ ಸೇರಿ 50 ಮೀಟರು. ಅದು ಒಂದು ಚದರ ಮಿಲಿಮೀಟರಿನ ತಾಮ್ರದ ವಯರಾದರೆ ಅದರ ಅಡಚಣೆ ಸುಮಾರು 0.9 ಓಮ್. ಅದರಲ್ಲಿ 2000 ವಾಟಿನ ಗೀಸರು ಹಚ್ಚಿದರೆ 8.7 ಆಂಪಿಯರ್ ಹರಿಯುತ್ತದೆ; ದಾರಿಯಲ್ಲಿಯೇ 8 ವೋಲ್ಟು ಹೋಯಿತು, ಸುಮಾರು 68 ವಾಟು ಶಾಖ ಗೋಡೆಯೊಳಗಿನ ವಯರಿನಲ್ಲಿ ಉರಿಯಿತು. ಅದೇ ನಾಲ್ಕು ಚದರ ಮಿಲಿಮೀಟರಿನ ವಯರಾಗಿದ್ದರೆ ಹೋಗುವುದು 2 ವೋಲ್ಟು ಮಾತ್ರ. ಇನ್ನು ಎಲ್ಲಿಯಾದರೂ ಸಡಿಲವಾದ ಸ್ಕ್ರೂ, ಕರಿಗಟ್ಟಿದ ಫ್ಯೂಸಿನ ಹಿಡಿ, ಬರೀ ಟೇಪು ಸುತ್ತಿದ ಗಂಟು ಇದ್ದರಂತೂ ಲೆಕ್ಕವೇ ಬೇರೆ. ಆ ಒಂದು ಜಾಗದಲ್ಲಿಯೇ ಹತ್ತು ಹದಿನೈದು ವೋಲ್ಟು ನುಂಗಿಹೋಗಿ, ಅಷ್ಟು ಶಾಖವೂ ಉಗುರಿನಷ್ಟು ಸ್ಥಳದಲ್ಲಿ ಕೂಡಿಕೊಳ್ಳುತ್ತದೆ. ಸ್ವಿಚ್ಚಿನ ಸುತ್ತ ಪ್ಲಾಸ್ಟಿಕ್ಕು ಕಂದಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಅದರ ಅರ್ಥ ಇದೇ.

ವೋಲ್ಟೇಜು ಇಳಿದರೆ ಎಲ್ಲ ಉಪಕರಣಗಳಿಗೂ ಒಂದೇ ಬಗೆಯ ಹಾನಿಯಾಗುವುದಿಲ್ಲ. ಕೆಲವಕ್ಕೆ ಹಾನಿಯೇ ಇಲ್ಲ. ಹಳೆಯ ತಂತಿಯ ಬಲ್ಬು 180 ವೋಲ್ಟಿನಲ್ಲಿ ಅರ್ಧಕ್ಕೂ ಕಡಿಮೆ ಬೆಳಕು ಕೊಡುತ್ತದೆ, ಕೆಡುವುದಿಲ್ಲ. ನೀರು ಕಾಯಿಸುವ ರಾಡಿನ ಬಲ 1000 ವಾಟಿನಿಂದ 600ರ ಸುಮಾರಿಗೆ ಇಳಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಕಾಯುತ್ತಿದ್ದ ಬಕೆಟ್ಟಿಗೆ ಮೂವತ್ತಮೂರು ನಿಮಿಷ ಬೇಕಾಗುತ್ತದೆ. ಹೊತ್ತು ಹೋಯಿತೇ ಹೊರತು ಮೀಟರಿನಲ್ಲಿ ನಷ್ಟವಿಲ್ಲ. ಮೊಬೈಲು ಚಾರ್ಜರು, ಲ್ಯಾಪ್‌ಟಾಪು, ಈಗಿನ ಟಿ.ವಿ. ಇವುಗಳ ಒಳಗಿನ ವ್ಯವಸ್ಥೆ ವೋಲ್ಟೇಜಿನ ಏರಿಳಿತವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಚಾರ್ಜರನ್ನು ತಿರುಗಿಸಿ ನೋಡಿ, ಹೆಚ್ಚಿನವುಗಳ ಮೇಲೆ 100ರಿಂದ 240 ವೋಲ್ಟು ಎಂದು ಅಚ್ಚಾಗಿರುತ್ತದೆ. ಇಂಥ ಟಿ.ವಿ.ಗೆ ಬೇರೆ ಸ್ಟೆಬಿಲೈಸರು ಇಡುವುದು ಹಳೆಯ ಕಾಲದ ಪೆಟ್ಟಿಗೆ ಟಿ.ವಿ.ಯಿಂದ ಉಳಿದುಬಂದ ಅಭ್ಯಾಸವೆಂದೇ ನನ್ನ ಅಭಿಪ್ರಾಯ.

ನಿಜವಾದ ಸಂಕಟ ಮೋಟರಿನದು, ಅದರಲ್ಲೂ ಫ್ರಿಜ್ಜು, ಎ.ಸಿ.ಗಳ ಕಂಪ್ರೆಸರಿನದು. 230ರ ಬದಲು 180 ವೋಲ್ಟು ಬಂದರೆ ಮೋಟರಿನ ಎತ್ತುವ ಶಕ್ತಿ ಶೇಕಡಾ 61ಕ್ಕೆ ಇಳಿಯುತ್ತದೆ. ಒತ್ತಡದಲ್ಲಿರುವ ಅನಿಲವನ್ನು ತಳ್ಳಿ ತಿರುಗಲಾರದೆ ಅದು ನಿಂತಲ್ಲಿಯೇ ಗುಂಯ್ ಎನ್ನುತ್ತದೆ. ಆಗ ಅದು ಎಳೆಯುವ ಪ್ರವಾಹ ಮಾಮೂಲಿಗಿಂತ ಹಲವು ಪಟ್ಟು. ಸುರುಳಿ ಕಾದು, ಅದರ ಮೇಲಿನ ಲೇಪ ಸುಟ್ಟು, ಕಂಪ್ರೆಸರೇ ಹೋಗುತ್ತದೆ. ಗಿರಣಿಗಳಲ್ಲಿ ದೊಡ್ಡ ಮೋಟರುಗಳಿಗೆ ವೋಲ್ಟೇಜು ತಗ್ಗಿದರೆ ತಾನಾಗಿಯೇ ನಿಲ್ಲಿಸುವ ರಿಲೇ ಇಟ್ಟಿರುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಕಾವು ಮಿತಿಮೀರಿದರೆ ಕಡಿಯುವ ಚಿಕ್ಕ ರಕ್ಷಕವೊಂದು ಇರುತ್ತದಾದರೂ ಅದು ದಿನವೂ ಈ ಪೆಟ್ಟು ತಾಳಲೆಂದು ಮಾಡಿದ್ದಲ್ಲ. ಕರೆಂಟು ಹೋಗಿ ತಕ್ಷಣವೇ ಬಂದರೂ ಇದೇ ಅಪಾಯ. ಕಂಪ್ರೆಸರಿನೊಳಗಿನ ಅನಿಲದ ಒತ್ತಡ ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಒಳ್ಳೆಯ ಸ್ಟೆಬಿಲೈಸರು ಅಷ್ಟು ಹೊತ್ತು ತಡೆದು ಆಮೇಲೆ ಬಿಡುತ್ತದೆ. ಸ್ಟೆಬಿಲೈಸರಿಲ್ಲದವರು, ಉಪಕರಣದಲ್ಲಿಯೇ ಅಂಥ ತಡೆ ಇಲ್ಲದಿದ್ದರೆ, ಕರೆಂಟು ಹೋದೊಡನೆ ಫ್ರಿಜ್ಜಿನ ಸ್ವಿಚ್ಚು ತೆಗೆದು, ಬಂದ ಐದು ನಿಮಿಷಕ್ಕೆ ಹಾಕಿದರೂ ಆಗುತ್ತದೆ. ಇದಕ್ಕೆ ದುಡ್ಡು ಬೇಡ, ಮನೆಯಲ್ಲಿ ಯಾರಾದರೂ ಇರಬೇಕು.

ಸ್ಟೆಬಿಲೈಸರಿನ ಒಳಗೆ ಇರುವುದು ಹಲವು ಮೆಟ್ಟಿಲುಗಳುಳ್ಳ ಒಂದು ಟ್ರಾನ್ಸ್‌ಫಾರ್ಮರು. ವೋಲ್ಟೇಜು ಇಳಿದಾಗ ರಿಲೇ “ಟಕ್” ಎಂದು ಮೇಲಿನ ಮೆಟ್ಟಿಲಿಗೆ ಜೋಡಿಸುತ್ತದೆ, ಏರಿದಾಗ ಕೆಳಗಿನದಕ್ಕೆ. ಮೆಟ್ಟಿಲಿನ ಲೆಕ್ಕವಾದ್ದರಿಂದ ಹೊರಬರುವುದು ಸರಿಯಾಗಿ 230 ಆಗಿರುವುದಿಲ್ಲ, ಆಸುಪಾಸಿನಲ್ಲಿ ಇರುತ್ತದೆ, ಅಷ್ಟು ಸಾಕು. ಅಣುವಷ್ಟೂ ವ್ಯತ್ಯಾಸವಾಗದಂತೆ ಮೋಟರಿನಿಂದ ಕುಂಚವನ್ನು ಸರಿಸುವ ಸರ್ವೋ ಸ್ಟೆಬಿಲೈಸರು ಕಾರ್ಖಾನೆಗೆ, ಆಸ್ಪತ್ರೆಯ ಯಂತ್ರಗಳಿಗೆ ಯೋಗ್ಯ. ಮನೆಯ ಒಂದು ಫ್ರಿಜ್ಜಿಗೆ ಅತಿಯಾಯಿತು.

ಆದರೆ ಒಂದು ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸ್ಟೆಬಿಲೈಸರು ಶಕ್ತಿಯನ್ನು ಸೃಷ್ಟಿಸುವುದಿಲ್ಲ. 1500 ವಾಟಿನ ಎ.ಸಿ. 230 ವೋಲ್ಟಿನಲ್ಲಿ 6.5 ಆಂಪಿಯರ್ ಎಳೆಯುತ್ತದೆಯಷ್ಟೆ. ಹೊರಗಿನ ವೋಲ್ಟೇಜು 170ಕ್ಕೆ ಇಳಿದಾಗ ಅದಕ್ಕೆ ಪೂರ್ತಿ ವೋಲ್ಟೇಜು ಒದಗಿಸಬೇಕಾದರೆ ಸ್ಟೆಬಿಲೈಸರು ಗೋಡೆಯ ವಯರಿನಿಂದ 8.8 ಆಂಪಿಯರ್‌ಗೂ ಹೆಚ್ಚು ಎಳೆಯಬೇಕು. ಮೊದಲೇ ಸಾಲದ ವಯರು ಮತ್ತಷ್ಟು ಕಾಯುತ್ತದೆ, ಅದರ ವೋಲ್ಟೇಜು ಮತ್ತಷ್ಟು ಇಳಿಯುತ್ತದೆ. ಒಂದೇ ಮುಖ್ಯ ವಯರಿನ ಮೇಲೆ ಹತ್ತು ಕೋಣೆಗಳಿದ್ದು ಹತ್ತರಲ್ಲಿಯೂ ಸ್ಟೆಬಿಲೈಸರುಗಳಿದ್ದರೆ, ಒಬ್ಬೊಬ್ಬರದೂ ಮಿಕ್ಕವರ ವೋಲ್ಟೇಜನ್ನು ಕಸಿದುಕೊಳ್ಳುವ ಪೈಪೋಟಿ ನಡೆಯುತ್ತದೆ. ಸ್ಟೆಬಿಲೈಸರು ಇಲ್ಲದ ಬಡವನ ಫ್ರಿಜ್ಜು ಮೊದಲು ಸುಡುತ್ತದೆ. ಆಮೇಲೆ ಎಲ್ಲರಿಗೂ ಸೇರಿದ ವಯರು.

ಹೀಗಿರುವುದರಿಂದ, ಕೊಳ್ಳುವುದಕ್ಕಿಂತ ಮೊದಲು ವೋಲ್ಟೇಜು ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಪತ್ತೆ ಹಚ್ಚಬೇಕು. ಟೆಸ್ಟರಿನ ದೀಪ ಹೊತ್ತಿದರೆ ಕರೆಂಟು ಇದೆಯೆಂದು ತಿಳಿಯುತ್ತದೆ, ಎಷ್ಟಿದೆಯೆಂದು ತಿಳಿಯುವುದಿಲ್ಲ. ಪ್ಲಗ್ಗಿನಲ್ಲಿ ಚುಚ್ಚಿದರೆ ಅಂಕೆ ತೋರಿಸುವ ಚಿಕ್ಕ ವೋಲ್ಟೇಜು ಮೀಟರುಗಳು ಈಗ ಸುಲಭವಾಗಿ ಸಿಗುತ್ತವೆ. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೂ ಸಾಕು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಎಂಟಕ್ಕೆ, ರಾತ್ರಿ ಮಲಗುವ ಮುನ್ನ, ಹೀಗೆ ಒಂದು ವಾರ ನೋಡಿ ಬರೆದಿಡಿ. ಬಳಿಕ ಕೋಣೆಯ ಎಲ್ಲವನ್ನೂ ಆರಿಸಿ ಒಮ್ಮೆ ನೋಡಿ, ಗೀಸರನ್ನೋ ರಾಡನ್ನೋ ಹಚ್ಚಿ ಮತ್ತೊಮ್ಮೆ ನೋಡಿ. ನಿಮ್ಮದೇ ಉಪಕರಣ ಹಚ್ಚಿದೊಡನೆ ಹತ್ತು ಹದಿನೈದು ವೋಲ್ಟು ಬೀಳುತ್ತಿದ್ದರೆ ದೋಷ ನಿಮ್ಮ ಮೀಟರಿನಿಂದ ಈಚೆಗೆ ಇರುವ ಸಂಭವವೇ ಹೆಚ್ಚು. ಪರವಾನಗಿಯುಳ್ಳ ವಯರ್‌ಮನ್ನನ್ನು ಕರೆಸಿ ಗಂಟುಗಳನ್ನು ಬಿಗಿಮಾಡಿಸಿ, ವಯರು ಬದಲಿಸಿ. ಸ್ಟೆಬಿಲೈಸರಿನ ಬೆಲೆಗಿಂತ ಅದು ಎಷ್ಟೋ ಸಲ ಕಡಿಮೆಯಲ್ಲೇ ಮುಗಿಯುತ್ತದೆ. ಏನೂ ಹಚ್ಚದಿದ್ದರೂ ಸಂಜೆಯ ಹೊತ್ತು ಎಲ್ಲರ ಮನೆಯಲ್ಲಿಯೂ ಇಳಿದಿದ್ದರೆ ದೋಷ ಹೊರಗಿನದು. ಅದನ್ನು ಸರಿಪಡಿಸುವ ಹೊಣೆ ವಿದ್ಯುತ್ ಕಂಪನಿಯದು, ಇಲ್ಲವೆ ಮುಖ್ಯ ವಯರು ಕಟ್ಟಡದ್ದಾದರೆ ಮಾಲೀಕರದು. ಅಷ್ಟರ ಮೇಲೂ ಸ್ಟೆಬಿಲೈಸರು ಬೇಕೆಂದಾದರೆ, ನೀವು ಬರೆದಿಟ್ಟ ಅತಿ ಕಡಿಮೆಯ ಅಂಕೆ ಅದರ ಪೆಟ್ಟಿಗೆಯ ಮೇಲೆ ಅಚ್ಚಾದ ಮಿತಿಯೊಳಗೆ ಬರುತ್ತದೆಯೇ ಎಂದು ನೋಡಿ ಕೊಳ್ಳಿ. 170ರಿಂದ ಕೆಲಸ ಮಾಡುವುದನ್ನು 140 ಬರುವ ಕಡೆ ಇಟ್ಟರೆ ಅದು ದಿನವಿಡೀ ಕಡಿದುಕೊಂಡೇ ಕೂತಿರುತ್ತದೆ.

ಇಳಿದ ವೋಲ್ಟೇಜಿಗಿಂತ ಭಯಂಕರವಾದ ಮತ್ತೊಂದಿದೆ. ಬೀದಿಯಲ್ಲಿ ಬರುವುದು ಮೂರು ಫೇಸು. ಒಂದೊಂದು ಮನೆಗೆ ಒಂದೊಂದು ಫೇಸು ಕೊಟ್ಟು, ಮರಳಿ ಹೋಗುವ ನ್ಯೂಟ್ರಲ್ ತಂತಿಯನ್ನು ಎಲ್ಲರಿಗೂ ಸಮಾನವಾಗಿ ಇಟ್ಟಿರುತ್ತಾರೆ. ಆ ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದರೆ ಎರಡು ಫೇಸುಗಳ ನಡುವಿನ 400 ವೋಲ್ಟು ಎರಡು ಮನೆಗಳ ಉಪಕರಣಗಳ ಮೂಲಕ ಹಾಯುತ್ತದೆ. ಹೆಚ್ಚು ಉಪಕರಣ ಹಚ್ಚಿದ ಮನೆಗೆ ಕಡಿಮೆ, ಒಂದೇ ಒಂದು ದೀಪ ಹಚ್ಚಿಕೊಂಡವನ ಮನೆಗೆ 300, 350, ಹೀಗೆ ಹಂಚಿಕೆಯಾಗುತ್ತದೆ. ಒಂದು ಮನೆಯಲ್ಲಿ ದೀಪ ಮಂಕಾಗಿ, ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಕಣ್ಣು ಕೋರೈಸುವಂತೆ ಉರಿದರೆ ಇದೇ ಲಕ್ಷಣ. ಕ್ಷಣವೂ ತಡಮಾಡದೆ ಮೇನ್ ಸ್ವಿಚ್ಚನ್ನು ತೆಗೆಯಬೇಕು, ನೆರೆಯವರಿಗೂ ಕೂಗಿ ಹೇಳಬೇಕು, ವಿದ್ಯುತ್ ಕಂಪನಿಗೆ ಫೋನು ಮಾಡಬೇಕು. ಸ್ಟೆಬಿಲೈಸರು ಇದೆಯೆಂದು ನೆಚ್ಚಿ ಕೂಡಬಾರದು. ಮಿತಿ ಮೀರಿದರೆ ಕಡಿದುಕೊಳ್ಳುವಂತೆ ಮಾಡಿದ್ದರೂ 400ರ ಹತ್ತಿರದ ಪೆಟ್ಟಿಗೆ ಅದೇ ಸುಡಬಹುದು.

ಇನ್ನು ಇನ್ವರ್ಟರಿನ ಮಾತು. ಇಲ್ಲಿಯೂ ಲೆಕ್ಕವೇ ದಾರಿ ತೋರಿಸಬೇಕು. 12 ವೋಲ್ಟಿನ, 150 ಆಂಪಿಯರ್ ಅವರ್ ಎಂದು ಬರೆದ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದು 1800 ವಾಟ್ ಅವರ್. ಅದನ್ನು ಪೂರ್ತಿ ಬತ್ತಿಸಿದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಶೇಕಡಾ 80 ಬಳಸಿ, ಇನ್ವರ್ಟರಿನೊಳಗಿನ ನಷ್ಟವನ್ನೂ ಕಳೆದರೆ ಕೈಗೆ ಬರುವುದು ಸುಮಾರು 1200. ಎರಡು ಸಾಮಾನ್ಯ ಫ್ಯಾನಿಗೆ 150 ವಾಟು, ಮೂರು ಎಲ್.ಇ.ಡಿ. ದೀಪಗಳಿಗೆ 27, ಎರಡು ಮೊಬೈಲಿಗೆ 20 ಎಂದಿಟ್ಟುಕೊಂಡರೆ ಒಟ್ಟು 197. ಹೊಸ ಬ್ಯಾಟರಿ ಆರು ಗಂಟೆ ನಡೆಸುತ್ತದೆ. ಫ್ಯಾನುಗಳು ಈಗ ಬಂದಿರುವ 30 ವಾಟಿನ ಬಿ.ಎಲ್.ಡಿ.ಸಿ. ಮಾದರಿಯವಾದರೆ ಅದೇ ಬ್ಯಾಟರಿ ಹನ್ನೊಂದು ಗಂಟೆ ನಡೆಸೀತು. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಒಳ್ಳೆಯ ಫ್ಯಾನು ಕೊಳ್ಳುವುದು ಮೇಲೆಂದು ನಾನು ಹೇಳುವುದು ಇದಕ್ಕಾಗಿಯೇ. ಕರೆಂಟು ಇದ್ದಾಗಲೂ ಅದು ಬಿಲ್ಲು ಉಳಿಸುತ್ತದೆ. ಬತ್ತಿದ ಬ್ಯಾಟರಿಯನ್ನು ಮತ್ತೆ ತುಂಬಲು ಸುಮಾರು ಎರಡು ಯೂನಿಟ್ಟು ಬೇಕೆಂಬುದನ್ನೂ ಮರೆಯುವಂತಿಲ್ಲ.

ಪೆಟ್ಟಿಗೆಯ ಮೇಲೆ 900 ವಿ.ಎ. ಎಂದಿದ್ದರೆ ಅಷ್ಟು ವಾಟು ಹೊರುತ್ತದೆಂದು ತಿಳಿಯಬಾರದು, ಅದಕ್ಕಿಂತ ಕಡಿಮೆ; ವಾಟಿನ ಅಂಕೆಯನ್ನು ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು. ಸ್ಕ್ವೇರ್ ವೇವ್ ಎಂಬುದು ಅಗ್ಗ, ಆದರೆ ಫ್ಯಾನು ಗೊರಗುಟ್ಟುತ್ತದೆ, ಮೋಟರು ಕಾಯುತ್ತದೆ. ಸೈನ್ ವೇವ್ ಎಂಬುದನ್ನೇ ಕೊಳ್ಳುವುದು ಲೇಸು. ಫ್ರಿಜ್ಜನ್ನು ಇನ್ವರ್ಟರಿನ ಮೇಲೆ ನಡೆಸುವ ಆಸೆ ಬೇಡ. ಬಾಗಿಲು ತೆರೆಯದಿದ್ದರೆ ಅದು ನಾಲ್ಕು ಗಂಟೆ ತಂಪಾಗಿಯೇ ಇರುತ್ತದೆ.

ಒಂದೇ ಕೋಣೆಯ ಸಂಸಾರದಲ್ಲಿ ಬ್ಯಾಟರಿ ಎಲ್ಲಿಡುವುದೆಂಬುದು ಚಿಕ್ಕ ಪ್ರಶ್ನೆಯಲ್ಲ. ನೀರು ಹಾಕುವ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಕಿಡಿ ತಾಗಿದರೆ ಸ್ಫೋಟವಾಗುವಂಥದು. ಮಂಚದಡಿ, ಮುಚ್ಚಿದ ಕಪಾಟಿನಲ್ಲಿ, ದೇವರ ದೀಪದ ಬಳಿ, ಗ್ಯಾಸಿನ ಒಲೆಯ ಹತ್ತಿರ ಇಡಲೇಬಾರದು. ಒಳಗಿರುವುದು ಗಂಧಕಾಮ್ಲ, ಮಕ್ಕಳ ಕೈಗೆ ಎಟುಕಬಾರದು, ಮೈಮೇಲೆ ಚೆಲ್ಲಿದರೆ ಬಹಳ ಹೊತ್ತು ಧಾರಾಳ ನೀರಿನಲ್ಲಿ ತೊಳೆಯಬೇಕು. ಎರಡು ಮೂರು ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಬೇಕು. ನಲ್ಲಿಯ ನೀರು ಬ್ಯಾಟರಿಗೆ ವಿಷ. ಕರೆಂಟು ಹೋದಾಗ ಇನ್ವರ್ಟರಿನ ತಂತಿಗಳಲ್ಲಿ 230 ವೋಲ್ಟು ಇದ್ದೇ ಇರುತ್ತದೆ. ಮೇನ್ ತೆಗೆದಿದ್ದೇವೆಂದು ಹೋಲ್ಡರಿಗೆ ಕೈಹಾಕುವವರು ಮೊದಲು ಇನ್ವರ್ಟರನ್ನೂ ಆರಿಸಬೇಕು. ಎರಡು ತುದಿಗೂ ಪ್ಲಗ್ಗು ಕಟ್ಟಿದ ವಯರಿನಿಂದ ಇನ್ವರ್ಟರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಉಪಾಯವೊಂದನ್ನು ಕೆಲವರು ಮಾಡುತ್ತಾರೆ. ಅದು ಕೊಲೆಗಾರ ಕೆಲಸ. ಕರೆಂಟು ಹಿಂದಕ್ಕೆ ಹರಿದು, ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್ನನ ಜೀವಕ್ಕೆ ಮುಳುವಾಗುತ್ತದೆ.

ಊರಿನಲ್ಲಿರುವ ತಂದೆತಾಯಿಯರಿಗಾಗಿ ಇವನ್ನು ಕೊಳ್ಳುವವರೂ ನಮ್ಮಲ್ಲಿ ಅನೇಕರು. ಹಳ್ಳಿಗಳಲ್ಲಿ ನೀರಾವರಿಯ ಪಂಪುಸೆಟ್ಟುಗಳು ಮನೆಗಳ ಜೊತೆಗೆ ಒಂದೇ ಲೈನಿನ ಮೇಲೆ ಇದ್ದಲ್ಲಿ ಅವು ಓಡುವಾಗ ವೋಲ್ಟೇಜು ತೀರ ಇಳಿಯುತ್ತದೆ. ಎರಡನ್ನೂ ಬೇರ್ಪಡಿಸಲೆಂದೇ ಕರ್ನಾಟಕದಲ್ಲಿ “ನಿರಂತರ ಜ್ಯೋತಿ” ಯೋಜನೆಯನ್ನು ಕೈಗೊಂಡರು. ನಿಮ್ಮ ಊರಿನ ಸ್ಥಿತಿ ಏನೆಂದು ಫೋನಿನಲ್ಲಿ ಕೇಳಿ, ಸಾಧ್ಯವಾದರೆ ಅಲ್ಲಿಯ ಅಂಕೆ ತರಿಸಿಕೊಂಡು ಕೊಳ್ಳಿ. ಇಬ್ಬರೇ ವೃದ್ಧರಿರುವ ಮನೆಗೆ ದೊಡ್ಡ ಇನ್ವರ್ಟರು ಕಳಿಸಿದರೆ ಅದಕ್ಕೆ ನೀರು ಹಾಕುವವರು ಯಾರು? ಕರೆಂಟು ಹೋದರೂ ತಾನೇ ಮೂರು ನಾಲ್ಕು ಗಂಟೆ ಉರಿಯುವ, ಒಳಗೇ ಬ್ಯಾಟರಿಯುಳ್ಳ ಎಲ್.ಇ.ಡಿ. ಬಲ್ಬು ಎರಡು, ಚಾರ್ಜು ಮಾಡುವ ಒಂದು ಮೇಜಿನ ಫ್ಯಾನು, ಇಷ್ಟೇ ಅಲ್ಲಿ ಸಾಕಾಗುವುದುಂಟು.

ಹೊರಗಿನ ದೋಷಕ್ಕೆ ಅರ್ಜಿ ಕೊಡುವುದು ನಮ್ಮ ಹಕ್ಕು. 2003ರ ವಿದ್ಯುತ್ ಕಾಯಿದೆಯಂತೆ ಪ್ರತಿಯೊಂದು ವಿದ್ಯುತ್ ಕಂಪನಿಗೂ ಗ್ರಾಹಕರ ದೂರು ಕೇಳುವ ವೇದಿಕೆ ಇರಲೇಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ ಓಂಬುಡ್ಸ್‌ಮನ್ ಎಂಬ ಅಧಿಕಾರಿಯ ಬಳಿಗೆ ಹೋಗಬಹುದು. ಮೊದಲು ಸ್ಥಳೀಯ ಆಫೀಸಿಗೆ ಬರೆದು ಕೊಡಿ. “ವೋಲ್ಟೇಜು ಸರಿಯಿಲ್ಲ” ಎಂದಷ್ಟೇ ಬರೆದರೆ ಯಾರೂ ಕದಲುವುದಿಲ್ಲ. ಇಂಥ ತಾರೀಖು, ಇಂಥ ಹೊತ್ತು, ಇಷ್ಟು ವೋಲ್ಟು ಎಂದು ವಾರದ ಅಂಕೆಗಳನ್ನು ಬರೆದು, ನಾಲ್ಕಾರು ಕೋಣೆಯವರ ಸಹಿ ಹಾಕಿಸಿ. ಬಿಲ್ಲು ಮಾಲೀಕರ ಹೆಸರಿನಲ್ಲಿದ್ದರೆ ಅವರ ಸಹಿಯೂ ಇದ್ದರೆ ಒಳ್ಳೆಯದು. ದೂರಿನ ನಂಬರನ್ನು ಕೇಳಿ ಪಡೆಯಿರಿ. ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲು ತೊಡಕಾಗುವವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ಅರ್ಜಿಯನ್ನು ಬರೆದುಕೊಡುತ್ತೇವೆ. ಬರುವಾಗ ಕಳೆದ ತಿಂಗಳ ಕರೆಂಟು ಬಿಲ್ಲನ್ನು ಜೊತೆಗೆ ತರಬೇಕು.